ನಾಯಕಿಗೆ ಕೊಟ್ಟ ದನಿ

ಫೆಬ್ರವರಿ 6, 1994

ಅಕ್ಕಾ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ನಿಂತಿದ್ದರೆ ಮೊದಲು ಕುಳಿತುಕೋ. ನಿನ್ನ ತಂಗಿಗೆ ನಾಯಕಿಯ ದನಿ ಸಿಕ್ಕಿದೆ.

ಇಷ್ಟು ವರ್ಷ ಇಲ್ಲಿ ನಾನು ಏನು ಮಾಡಿಕೊಂಡಿದ್ದೆ ಎಂದು ನಿನಗೆ ಗೊತ್ತಲ್ಲ. ಪರದೆಯ ಮೇಲೆ ಯಾರೋ ಅಳುತ್ತಾರೆ, ನಾನು ಮೈಕಿನ ಮುಂದೆ ನಿಂತು ಅವರ ಪರವಾಗಿ ಅಳುತ್ತೇನೆ. ತರಕಾರಿ ಮಾರುವವಳು, ಮನೆಗೆಲಸದವಳು, ಮೊದಲ ರೀಲಿನಲ್ಲೇ ಸಾಯುವ ಮುದುಕಿ, ಎಲ್ಲರೂ ನಾನೇ. ನಾಯಕಿಗೆ ಮಾತ್ರ ಬೇಡ. 'ನಿನ್ನ ಗಂಟಲು ಒರಟು ಕಣಮ್ಮ' ಎಂದು ಸಾಗಹಾಕುತ್ತಿದ್ದರು. ಚಿಕ್ಕಂದಿನಲ್ಲಿ ನೀನು ಕಾಗೆ ಎಂದು ಕರೆದಿದ್ದು ಸುಳ್ಳಲ್ಲವಲ್ಲ.

ಈಗ ಒರಟು ಗಂಟಲೇ ಬೇಕಂತೆ. ಕಥೆ ಚಪ್ಪಲಿ ಹೊಲಿಯುವವರ ಬೀದಿಯ ಹುಡುಗಿಯದು. ನಮ್ಮಂಥದೇ ಬೀದಿ, ನಮ್ಮ ಜಾತಿಯದೇ ಹುಡುಗಿ. ಆ ಪಾತ್ರ ಮಾಡುವವಳು ಮೂರು ತಲೆಮಾರಿನಿಂದ ಸಿನಿಮಾ ಆಳಿದ ದೊಡ್ಡ ಮನೆತನದ ಮೊಮ್ಮಗಳು. ಎಲ್ಲರೂ ಅವಳನ್ನು ಬೇಬಿ ಎನ್ನುತ್ತಾರೆ. ವಯಸ್ಸು ನಿನಗಿಂತ ಒಂದೆರಡು ವರ್ಷ ಕಡಿಮೆ ಇರಬಹುದು, ಆದರೂ ಬೇಬಿಯೇ.

ನಿರ್ದೇಶಕರು ನನ್ನ ದನಿ ಕೇಳಿದ ಮೇಲೆ "ನೀನು ಯಾವ ಕಡೆಯವಳಮ್ಮ?" ಅಂದರು. ಈ ಊರಿನಲ್ಲಿ ಆ ಪ್ರಶ್ನೆಗೆ ದಿಕ್ಕು ಹೇಳಿದರೆ ಸಾಲದು, ಜಾತಿ ಹೇಳಬೇಕು. ನಾನು ನೇರವಾಗಿ ಹೇಳಿಬಿಟ್ಟೆ. ಹಿಂದೆ ಹೀಗೆ ಹೇಳಿದ್ದಕ್ಕೆ ಬಾಡಿಗೆ ಕೋಣೆ ಕೈತಪ್ಪಿತ್ತು. ಈ ಸಲ ಕೆಲಸ ಸಿಕ್ಕಿತು!

ಇನ್ನೊಂದು ವಿಷಯ. ಈ ಸಲ ಪರದೆಯ ಮೇಲೆ ನನ್ನ ಹೆಸರು ಹಾಕುತ್ತಾರಂತೆ. ಹಾಗೆ ಹೆಸರು ಬಂದವರಿಗೆ ಮಾತ್ರ ದನಿ ಕೊಡುವವರ ಸಂಘದ ಕಾರ್ಡು. ಕಾರ್ಡು ಇದ್ದವರು ಒಳಗೆ ಕುರ್ಚಿಯ ಮೇಲೆ ಕಾಯುತ್ತಾರೆ, ಇಲ್ಲದವರು ಮೆಟ್ಟಿಲ ಮೇಲೆ. ಮೆಟ್ಟಿಲು ಸವೆಸಿದ್ದು ಸಾಕಾಯಿತು ಅಕ್ಕ. ಅಮ್ಮನಿಗೆ ಹೇಳು.

ನಿನ್ನ ಕಾಗೆ

ಫೆಬ್ರವರಿ 21, 1994

ಕಾಗೇ,

ಅಮ್ಮನಿಗೆ ಹೇಳು ಅಂತೀಯಲ್ಲ, ಅಮ್ಮನಿಗೆ ಹೇಳಿದರೆ ಬೀದಿಗೆಲ್ಲ ಹೇಳಿದ ಹಾಗೆ ಎಂದು ನಿನಗೆ ಗೊತ್ತಿಲ್ಲವೇ? ಈಗ ನಲ್ಲಿಯ ಹತ್ತಿರ ನಿಂತ ಹೆಂಗಸರೂ ನನ್ನನ್ನು ನೋಡಿ 'ನಾಯಕಿಯ ಅಕ್ಕ ಬಂದ್ಲು, ಜಾಗ ಬಿಡಿ' ಅನ್ನುತ್ತಾರೆ. ನಾನೂ ಸುಮ್ಮನಿರದೆ ಸೆರಗು ಕೊಡವಿಕೊಂಡು ಮುಂದೆ ಹೋಗುತ್ತೇನೆ. ಬಂದ ಗೌರವ ಯಾಕೆ ಬಿಡಲಿ.

ಅಮ್ಮ ಕೇಳುತ್ತಿದ್ದಳು, "ದನಿ ಇವಳದು, ಮುಖ ಅವಳದು ಅಂದ್ರೆ, ಸಿನಿಮಾ ಯಾರದು?" ಎಂದು. ನೀನೇ ಬಂದಾಗ ಹೇಳು.

ಈ ತಿಂಗಳು ನನಗೆ ಪುರುಸೊತ್ತಿಲ್ಲ. ಅಂಗಡಿಯ ಚಪ್ಪಲಿ ಹೊಲಿಗೆಯ ಜೊತೆಗೆ ಹೊಸದೊಂದು ಕೆಲಸ ಬಂದಿದೆ, ಅದೂ ಕೈಕೆಲಸವೇ. ಬೀದಿಯಲ್ಲಿ ಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದಾರೆ, ಗಲಾಟೆಯೋ ಗಲಾಟೆ. ಪತ್ರ ತಡವಾದರೆ ಮುಖ ಊದಿಸಿಕೊಳ್ಳಬೇಡ.

ನಿನ್ನ ಸಿನಿಮಾದವರು ಒಳ್ಳೆಯವರು ತಾನೆ? ನಿನ್ನನ್ನು ಮರ್ಯಾದೆಯಿಂದ ಮಾತನಾಡಿಸುತ್ತಾರೆ ತಾನೆ? ಸುಮ್ಮನೆ ಕೇಳಿದೆ.

ಅಕ್ಕ

ಏಪ್ರಿಲ್ 3, 1994

ಅಕ್ಕಾ,

ಮುಖ ಊದಿಸಿಕೊಂಡೇ ಬರೆಯುತ್ತಿದ್ದೇನೆ. ಒಂದೂವರೆ ತಿಂಗಳಿಂದ ಒಂದು ಸಾಲೂ ಇಲ್ಲ. ನಾಯಕಿಯ ಅಕ್ಕನಾಗಿದ್ದೇ ಆಗಿದ್ದು, ನಿನ್ನ ಗತ್ತು ಜಾಸ್ತಿಯಾಯಿತು.

ಡಬ್ಬಿಂಗ್ ಶುರುವಾಯಿತು. ಗೋಡೆಗೆಲ್ಲ ಮೆತ್ತನೆಯ ಬಟ್ಟೆ ಹೊಡೆದ ಕೋಣೆ, ಒಂದು ಮೈಕು, ಎದುರಿಗೆ ಪರದೆ. ಗಾಜಿನ ಆಚೆ ಸೌಂಡಿನಣ್ಣ, ಅವನ ಪಕ್ಕ ನಿರ್ದೇಶಕರು. ಒಂದೇ ತುಣುಕು ಮತ್ತೆ ಮತ್ತೆ ಸುತ್ತಿ ಬರುತ್ತದೆ. ಬೇಬಿಯ ತುಟಿ ಅಲುಗಿದಾಗ ನನ್ನ ಮಾತು ಅಲ್ಲಿ ಕೂರಬೇಕು. ಅವಳ ಮುಖಕ್ಕೆ ಕಪ್ಪು ಬಣ್ಣ ಬಳಿದಿದ್ದಾರೆ. ಹತ್ತಿರದ ದೃಶ್ಯದಲ್ಲಿ ಬೆವರಿಗೆ ಕತ್ತಿನ ಹತ್ತಿರ ಬಣ್ಣ ಇಳಿದು ಒಳಗಿನ ಬಿಳಿ ಇಣುಕುತ್ತದೆ. ಸೌಂಡಿನಣ್ಣ ಹೇಳಿದ, "ಬಣ್ಣ ಬಳಿಯೋದಕ್ಕೆ ಇಡೋ ಮನುಷ್ಯನ ಬದಲು, ಮೊದಲೇ ಆ ಬಣ್ಣ ಇರೋ ಹುಡುಗೀನ ಇಟ್ಕೊಂಡಿದ್ರೆ ಆಗ್ತಿರ್ಲಿಲ್ವಾ?" ನಿರ್ದೇಶಕರು ಎದ್ದು ಹೊರಗೆ ಹೋದಾಗ ಹೇಳಿದ ಅನ್ನು.

ಕಾಗದದಲ್ಲಿ ಬರೆದುಕೊಟ್ಟ ಮಾತು ಬಾಯಿಗೆ ಹತ್ತುವುದಿಲ್ಲ ಎಂದೆ. "ನಿಮ್ಮ ಕಡೆ ಹೇಗೆ ಹೇಳ್ತಾರೋ ಹಾಗೇ ಹೇಳಮ್ಮ" ಅಂದರು. ಸಾಲ ವಸೂಲಿಗೆ ಬಂದವನನ್ನು ಹುಡುಗಿ ಬೈಯುವ ದೃಶ್ಯ. ನಾನು ಅಮ್ಮನನ್ನು ನೆನೆಸಿಕೊಂಡು ಬೈದೆ. ಗಾಜಿನ ಆಚೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಈಗ ಅಮ್ಮನ ಬೈಗುಳ ಸಿನಿಮಾ ಸೇರಿದೆ. ಸಂಭಾಷಣೆ ಬರೆದವರ ಹೆಸರು ಮಾತ್ರ ಬೇರೆ.

ಆಗಾಗ ನಿರ್ದೇಶಕರು "ಸ್ವಲ್ಪ ಅಳು ಬೆರೆಸು, ನಿಮ್ಮವರ ಮಾತಲ್ಲಿ ಯಾವಾಗ್ಲೂ ಒಂದು ನೋವು ಇರುತ್ತಲ್ಲ" ಅನ್ನುತ್ತಾರೆ. ನಮ್ಮ ಮನೆಯಲ್ಲಿ ನಗುವುದನ್ನು ಅವರು ಕೇಳಿಲ್ಲ, ಪಾಪ. ಮಿಕ್ಕಂತೆ ಎಲ್ಲರೂ ಚೆನ್ನಾಗಿಯೇ ಇದ್ದಾರೆ. ನೀನು ಚಿಂತೆ ಮಾಡಬೇಡ.

ಕಾಗೆ

ಏಪ್ರಿಲ್ 14, 1994

ಕಾಗೇ,

ಗತ್ತೂ ಇಲ್ಲ, ಕೋಪವೂ ಇಲ್ಲ. ಕೆಲಸ ಇತ್ತು. ಆ ಹೊಸ ಕೆಲಸ ಮುಗಿಯಿತು, ಮುಗಿಯುವ ಮೊದಲೇ ನಾನು ಬಿಟ್ಟುಬಂದೆ. ಗೋಡೆಗಳನ್ನು ನಾವೇ ಮತ್ತೆ ತೊಳೆದುಕೊಳ್ಳುತ್ತಿದ್ದೇವೆ.

ಅಮ್ಮನ ಬೈಗುಳದ ವಿಷಯ ಓದಿ ಹೇಳಿದೆ. "ಯಾವುದು ಹೇಳಿದ್ಲು? ಗಟ್ಟಿಯಾದ್ದೇ ಹೇಳಿದ್ಲಾ, ಇಲ್ಲಾ ಸಪ್ಪೆಯದ್ದಾ?" ಎಂದು ಕೇಳಿದಳು. ಅದನ್ನು ಬರೆದು ತಿಳಿಸು, ಇಲ್ಲವಾದರೆ ಅವಳು ನನ್ನನ್ನು ಊಟ ಮಾಡಲು ಬಿಡುವುದಿಲ್ಲ.

ಅಕ್ಕ

ಏಪ್ರಿಲ್ 29, 1994

ಅಕ್ಕಾ,

ನೀನು ನನ್ನಿಂದ ಮುಚ್ಚಿಟ್ಟೆ.

ಇವತ್ತು ಹೊಲಿಗೆಯ ದೃಶ್ಯ ಬಂತು. ಮೊದಲು ಒಂದು ಬೀದಿ. ಗೋಡೆಗಳೆಲ್ಲ ಮಸಿ ಹಿಡಿದ ಹಾಗೆ, ಬಾಗಿಲ ಮುಂದೆ ಕಸದ ಗುಡ್ಡೆ. ಎಂಥ ಕೊಳಕು ಬೀದಿ ಎಂದುಕೊಂಡೆ. ನಾನು ಹುಟ್ಟಿದ ಬೀದಿಯ ಗುರುತೇ ನನಗೆ ಸಿಗಲಿಲ್ಲ. ಆಮೇಲೆ ಎರಡು ಕೈ ಬಂದವು, ಪರದೆಯ ತುಂಬ. ಎಡಗೈ ಚಪ್ಪಲಿಯ ಅಟ್ಟೆಯನ್ನು ಒತ್ತಿಹಿಡಿದಿದೆ, ಬಲಗೈ ದಾರ ಎಳೆಯುತ್ತಿದೆ. ಎಡ ಹೆಬ್ಬೆರಳಿನ ಬುಡದಲ್ಲಿ ಬಾಗಿದ ಗಾಯದ ಕಲೆ. ನನ್ನ ಶಾಲೆಯ ಬೂಟಿಗೆ ಚರ್ಮ ಕತ್ತರಿಸುವಾಗ ಉಳಿ ಜಾರಿ ಆದದ್ದು. ಅವತ್ತು ನೀನು ಅಳಲಿಲ್ಲ, ನಾನು ಬೀದಿಗೆಲ್ಲ ಕೇಳುವಂತೆ ಅತ್ತೆ.

ನನ್ನ ಮಾತು ನಿಂತುಹೋಯಿತು. ನನ್ನ ಕಿವಿಯ ಹೆಡ್‌ಫೋನಿನಲ್ಲಿ ಸೌಂಡಿನಣ್ಣ "ಏನಾಯ್ತಮ್ಮ? ನೀರು ಬೇಕಾ?" ಎಂದ.

"ಅಣ್ಣ, ಇನ್ನೊಂದು ಸಲ ಹಾಕಿ" ಎಂದೆ. ಇನ್ನೊಂದು ಸಲ, ಮತ್ತೂ ಒಂದು ಸಲ. ಕೈ, ಆಮೇಲೆ ಬೇಬಿಯ ಮುಖ, ಮತ್ತೆ ಕೈ. "ಅದು ನಮ್ಮಕ್ಕನ ಕೈ" ಎಂದೆ. ಅವನು ನಂಬಲಿಲ್ಲ. ಕಲೆಯ ಕಥೆ ಹೇಳಿದ ಮೇಲೆ ತಾನೇ ಆ ತುಣುಕನ್ನು ಮತ್ತೆ ಸುತ್ತಿಸಿದ. ಆಮೇಲೆ ನಾನು ಆ ದೃಶ್ಯದ ಮಾತನ್ನು ಒಂದೇ ಸಲಕ್ಕೆ ಹೇಳಿ ಮುಗಿಸಿದೆ. ನಿನ್ನ ಕೈ ಓಡುವ ಲಯಕ್ಕೆ ನನ್ನ ಉಸಿರು ತಾನಾಗಿಯೇ ಕೂತುಬಿಟ್ಟಿತು ಅಕ್ಕ. ಒಬ್ಬ ನಾಯಕಿಯನ್ನು ಮಾಡುವುದಕ್ಕೆ ನಮ್ಮ ಮನೆಯ ಇಬ್ಬರು ಬೇಕಾದರು!

ಯಾಕೆ ಹೇಳಲಿಲ್ಲ?

ಇನ್ನೊಂದು ವಿಷಯ ಬರೆಯಬೇಕು. ಕೊನೆಯ ದೃಶ್ಯದ ಮಾತು ಕೈಗೆ ಕೊಟ್ಟಿದ್ದಾರೆ. ಊರಿನ ದೊಡ್ಡಮನುಷ್ಯನ ಮಗ ಬೀದಿಯನ್ನು ಕಾಪಾಡುತ್ತಾನೆ. ಇಡೀ ಸಿನಿಮಾ ಅಷ್ಟು ದಿಟ್ಟವಾಗಿದ್ದ ಹುಡುಗಿ ಅವನ ಅಪ್ಪನ ಕಾಲಿಗೆ ಬಿದ್ದು, "ನಿಮ್ಮ ಪಾದದ ಧೂಳಾಗಿದ್ರೆ ಸಾಕು ಧಣಿ, ನಮ್ಮ ಜಾಗ ಅದೇ" ಎನ್ನಬೇಕು. ಚಿತ್ರದ ತುಣುಕು ಇನ್ನೂ ಬಂದಿಲ್ಲ, ಕಾಗದ ಮಾತ್ರ ಬಂದಿದೆ. ಹಾಸ್ಟೆಲಿನ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ನಾಲಿಗೆ ಹೊರಳಲಿಲ್ಲ. ಆದರೆ ಹೇಳದಿದ್ದರೆ ಹೆಸರೂ ಇಲ್ಲ, ಕಾರ್ಡೂ ಇಲ್ಲ. ಹೇಳಬೇಕಾಗುತ್ತದೇನೋ.

ಬೇಗ ಬರೆ. ಅಮ್ಮನಿಗೆ ಹೇಳು, ಬೈದದ್ದು ಗಟ್ಟಿಯಾದ್ದೇ.

ಕಾಗೆ

ಮೇ 9, 1994

ಅಕ್ಕಾ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಅವರು ಕಾಯಲಿಲ್ಲ, ನಾನೂ ಕಾಯಲಿಲ್ಲ. ಆ ಮಾತು ಹೇಳುವುದಿಲ್ಲ ಎಂದುಬಿಟ್ಟೆ.

ಬೇಬಿಯೂ ಅವತ್ತು ಬಂದಿದ್ದಳು, ಮುಖ ತೊಳೆದ ಬೇಬಿ. ನಿರ್ದೇಶಕರು ತುಂಬಾ ತಾಳ್ಮೆಯಿಂದಲೇ ಹೇಳಿದರು, "ನೋಡಮ್ಮ, ಇದು ನಿಮ್ಮ ಜನದ ಪರವಾಗಿ ಮಾಡಿರೋ ಸಿನಿಮಾ. ಜಾತಿ ತಪ್ಪು ಅಂತ ಹೇಳೋ ಸಿನಿಮಾ."

"ಪರವಾಗಿದ್ರೆ ಅವಳನ್ನ ಎದ್ದು ನಿಲ್ಲಿಸಿ ಸಾರ್. ಬೀಳಿಸೋದು ಯಾಕೆ?"

"ನೋಡೋ ಜನ ಅಳ್ಬೇಕಮ್ಮ."

"ಮೊದಲಿಂದ ಕೊನೇತನಕ ನಾನೇ ಅತ್ತಿದೀನಲ್ಲ ಸಾರ್. ಇದೊಂದು ಬೇಡ. ಅವಳು ಸುಮ್ನೆ ನಿಂತಿದ್ರೂ ಅಳ್ತಾರೆ."

ಬೇಬಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಕೆಟ್ಟ ಹುಡುಗಿಯಲ್ಲ ಅವಳು. "ಒಂದು ಲೈನು ತಾನೇ? ನಾನೇ ಕಾಲಿಗೆ ಬಿದ್ದಿದೀನಿ, ನೀನು ಬರೀ ಮಾತು ಹೇಳೋದಕ್ಕೆ ಏನು?" ಎಂದಳು.

"ನೀವು ಬಿದ್ರೆ ಅದು ಅಭಿನಯ ಮೇಡಂ, ಎದ್ದು ಕಾರು ಹತ್ತಿ ಮನೆಗೆ ಹೋಗ್ತೀರಿ. ನಮ್ಮವಳು ಬಿದ್ರೆ, ನೋಡಿದೋರು ನಾಳೆ ನಮ್ಮ ಬೀದಿಗೆ ಬಂದು ಇದೇ ನಿಮ್ಮ ಜಾಗ ಅಂತಾರೆ. ನಿಮ್ಮ ಬಾಯಿಂದಾನೇ ಕೇಳಿದ್ವಲ್ಲ ಅಂತಾರೆ."

ಆಗ ನಿರ್ಮಾಪಕರ ಮ್ಯಾನೇಜರು ಎದ್ದುನಿಂತ. "ಇಷ್ಟು ದಿನ ಮೆಟ್ಟಿಲ ಮೇಲಿದ್ದೋಳನ್ನ ಒಳಗೆ ಕೂರಿಸಿದ್ದಕ್ಕೆ ಇದಾ? ಬೇರೆ ಗಂಟಲು ಸಿಗಲ್ವಾ ನಮಗೆ? ಹೆಸರು ಕಿತ್ತುಹಾಕಿ" ಎಂದ. ನಾನೂ ಬಿಡಲಿಲ್ಲ. "ಕಿತ್ತುಹಾಕಿ ಸಾರ್. ಆ ಸಾಲಿನ ಜೊತೆ ನನ್ನ ಹೆಸರು ಬರೋದು ನನಗೂ ಬೇಡ" ಎಂದು ಕಿವಿಯ ಹೆಡ್‌ಫೋನು ತೆಗೆದು ಮೈಕಿಗೆ ತೂಗುಹಾಕಿ ಹೊರಬಂದೆ.

ಬಾಗಿಲ ಹತ್ತಿರ ತಿರುಗಿ ನೋಡಿದಾಗ ಪರದೆಯ ಮೇಲೆ ಆ ತುಣುಕು ಓಡುತ್ತಿತ್ತು. ಧಣಿಯ ಕಾಲು ಹಿಡಿದ ಕೈ. ಅದು ನಿನ್ನ ಕೈ ಅಲ್ಲ! ಕಲೆ ಇಲ್ಲ, ನೀಳವಾದ ಬೆರಳು, ಉಗುರಿನ ಅಂಚಿನಲ್ಲಿ ಅಳಿಸಿಯೂ ಉಳಿದ ನೇಲ್ ಪಾಲಿಶ್. ನಿನ್ನ ಕೈ ಎಲ್ಲಿ ಹೋಯಿತು?

ಕಾರ್ಡಿನ ಆಸೆ ಬಿಡು. ನನ್ನ ಮೇಲೆ ಬೇಜಾರು ಮಾಡಿಕೊಳ್ಳಬೇಡ.

ಕಾಗೆ

ಮೇ 10, 1994

ಕಾಗೇ,

ಏಪ್ರಿಲ್ ಕೊನೆಗೆ ನೀನು ಬರೆದ ಪತ್ರ ಮೊನ್ನೆ ಕೈಸೇರಿತು. ಸಿಕ್ಕಿಬಿದ್ದೆ, ಇನ್ನು ಮುಚ್ಚಿಡುವುದೇನಿದೆ.

ಫೆಬ್ರವರಿಯಲ್ಲಿ ಸಿನಿಮಾದವರು ಬಂದಿಳಿದರು. ನಾವು ಹೋದ ವರ್ಷ ಎಲ್ಲರೂ ಸೇರಿ ಸುಣ್ಣ ಹೊಡೆದ ಗೋಡೆಗಳು ಅವರಿಗೆ ಹಿಡಿಸಲಿಲ್ಲ. "ಇಷ್ಟು ಚೆನ್ನಾಗಿದ್ರೆ ನಿಮ್ಮ ಬೀದಿ ಅಂತ ಯಾರು ನಂಬ್ತಾರೆ?" ಎಂದು ಮಸಿ ಬಳಿದರು. ಲಾರಿಯಲ್ಲಿ ಕಸ ತಂದು ಸುರಿದರು. ಕಸವನ್ನು ಹೊರಗಿನಿಂದ ತರಬೇಕಾಯಿತು ನೋಡು, ಅಷ್ಟಾದರೂ ನಮಗೆ ಮರ್ಯಾದೆ. ಚಹಾ ಅವರಿಗೆ ಗಾಜಿನ ಲೋಟದಲ್ಲಿ, ನಮಗೆ ಕಾಗದದ ಲೋಟದಲ್ಲಿ. ಅಮ್ಮ ಮನೆಯಿಂದ ತನ್ನದೇ ಸ್ಟೀಲ್ ಲೋಟ ತಂದು ಚಾಚಿದಳು. ಹುಯ್ಯುವವನು ಗಲಿಬಿಲಿಗೊಂಡು ತುಂಬಾ ಹುಯ್ದುಬಿಟ್ಟ.

ನಾಯಕಿಗೆ ಹೊಲಿಗೆ ಕಲಿಸು ಎಂದು ನನ್ನನ್ನು ಕರೆದರು. ಅವಳ ಬೆರಳಿಗೆ ಉಳಿ ತಾಗೀತು ಎಂದು ಅವರೇ ಹೆದರಿ, ನಿನ್ನ ಕೈಯನ್ನೇ ತೋರಿಸುತ್ತೇವೆ ಎಂದರು. ನನಗೆ ಖುಷಿಯಾಯಿತು ಕಣೆ. ನನ್ನ ಹೊಲಿಗೆ ಅಷ್ಟು ದೊಡ್ಡದಾಗಿ ಕಾಣುತ್ತದಲ್ಲ ಎಂದು. ಅವಳನ್ನು ನಮ್ಮೆದುರು ಎಲ್ಲರೂ ಮೇಡಂ ಎನ್ನುತ್ತಿದ್ದರು, ಅದು ನಿನ್ನದೇ ಸಿನಿಮಾ ಎಂದು ಗೊತ್ತಿರಲಿಲ್ಲ. ಚಪ್ಪಲಿ ಬೀದಿಯ ಕಥೆ ಎಂದು ನೀನು ಬರೆದಾಗಲೂ, ಈ ಬಡವರ ಕಥೆಗಳನ್ನು ಇವರು ಒಂದರ ಹಿಂದೆ ಒಂದು ಮಾಡುತ್ತಾರೇನೋ ಎಂದುಕೊಂಡೆ. ಅವರು ನಮ್ಮನ್ನು ನಡೆಸಿಕೊಂಡ ರೀತಿ ಬರೆದರೆ ನಿನ್ನ ಉತ್ಸಾಹಕ್ಕೆ ನೀರೆರಚಿದ ಹಾಗಾಗುತ್ತಿತ್ತು. ಅದಕ್ಕೇ ಸುಮ್ಮನಿದ್ದೆ.

ಕೊನೆಯ ದಿನ ಧಣಿ ವೇಷದವನು ಕಾಲು ಚಾಚಿಕೊಂಡು ಕುಳಿತ. ನಾನು ಆ ಕಾಲು ಹಿಡಿಯಬೇಕಂತೆ. ಆಗೋದಿಲ್ಲ ಎಂದೆ. ಕನ್ನಡಕದ ಹುಡುಗನೊಬ್ಬ, ಸಹಾಯಕ ನಿರ್ದೇಶಕನಂತೆ, ಬಂದು ಕೇಳಿದ. "ನಿಮ್ಮ ಕಸುಬೇ ಕಾಲಿನದಲ್ವೇನಮ್ಮ? ದಿನಾ ಮುಟ್ಟಲ್ವಾ?"

"ಮುಟ್ತೀನಪ್ಪ, ಅಳತೆಗೆ. ಅದು ಕೆಲಸ. ಅಳತೆ ಕೊಟ್ಟೋರು ಆಮೇಲೆ ನನ್ನ ಅಂಗಡಿಗೆ ಬಂದು ಚಪ್ಪಲಿ ಆಯ್ತಾ ಅಂತ ಕಾಯ್ತಾರೆ. ಇದು ಬೇರೆ" ಎಂದೆ.

"ಬರೀ ಕೈ ಕಾಣೋದು. ನಿಮ್ಮ ಮುಖ ಬರಲ್ಲ, ನೀವು ಅಂತ ಯಾರಿಗೂ ಗೊತ್ತಾಗಲ್ಲ."

"ನನ್ನ ಕೈಗೆ ಗೊತ್ತಾಗುತ್ತಲ್ಲ."

ಬೀದಿಯ ಬೇರೆ ಹೆಂಗಸರನ್ನು ಕೇಳಿದರು. ಯಾರೂ ಮುಂದೆ ಬರಲಿಲ್ಲ. ನಾನು ಮನೆಗೆ ಬಂದೆ. ಆಮೇಲೆ ಏನು ಮಾಡಿಕೊಂಡರೋ ಗೊತ್ತಿಲ್ಲ.

ಆದರೆ ನೀನು ಮಾತ್ರ ಆ ಮಾತು ಹೇಳಿಬಿಡು ಕಣೆ. ಬಾಯಿಮಾತು, ಗಾಳಿಗೆ ಹೋಗುತ್ತದೆ. ನನಗೆ ಇಲ್ಲಿ ಅಂಗಡಿ ಇದೆ, ಬೀದಿ ಇದೆ, ಅಮ್ಮನ ಬಾಯಿ ಇದೆ. ನಿನಗೆ ಅಲ್ಲಿ ಯಾರಿದ್ದಾರೆ? ಮೆಟ್ಟಿಲ ಮೇಲೆ ಕೂತಿದ್ದು ಸಾಕು. ಹೇಳಿ, ಕಾರ್ಡು ತೆಗೆದುಕೊಂಡು, ಒಳಗೆ ಕುರ್ಚಿಯ ಮೇಲೆ ಕೂತುಕೋ. ಇದು ಅಕ್ಕನ ಮಾತು.

ಅಕ್ಕ

ಜೂನ್ 2, 1994

ಅಕ್ಕಾ,

ನನ್ನ ಪತ್ರ ನಿನಗೂ ನಿನ್ನ ಪತ್ರ ನನಗೂ ದಾರಿಯಲ್ಲಿ ಮುಖ ತಪ್ಪಿಸಿಕೊಂಡು ಬಂದವು. 'ಹೇಳಿಬಿಡು' ಎಂದು ನೀನು ಬರೆದದ್ದನ್ನು ಓದಿ ಜೋರಾಗಿ ನಕ್ಕೆ. ತಾನು ಮಾಡದ ಕೆಲಸವನ್ನು ತಂಗಿ ಮಾಡಲಿ ಎನ್ನುವ ಅಕ್ಕನನ್ನು ಎಲ್ಲಾದರೂ ಕಂಡಿದ್ದೀಯಾ? ಆಮೇಲೆ ಸ್ವಲ್ಪ ಅತ್ತೆ. ಅದು ಬೇರೆ ವಿಷಯ.

ಮುಂದೇನಾಯಿತು ಕೇಳು. ಆ ಸಾಲಿಗೆ ಮೊದಲು ಅತ್ತೆಮ್ಮನನ್ನು ಕರೆದರು. ಅಂದರೆ ಎಲ್ಲ ಸಿನಿಮಾಗಳಲ್ಲೂ ಅತ್ತೆಯ ದನಿ ಕೊಡುವ ಹಿರಿಯಾಕೆ. ಕಾರ್ಡು ಇರುವವಳು, ನಮ್ಮ ಜಾತಿಯವಳೂ ಅಲ್ಲ. ಆಕೆ ಕಾಗದ ಓದಿ, "ಆ ಹುಡುಗಿ ಹೇಳದ ಮಾತನ್ನ ನಾನು ಹೇಳಿದ್ರೆ ನಾಳೆ ಅವಳ ಮುಖ ಹೇಗಪ್ಪಾ ನೋಡ್ಲಿ?" ಎಂದು ಚೀಲ ಎತ್ತಿಕೊಂಡು ಹೊರಟಳಂತೆ. ಮೆಟ್ಟಿಲ ಮೇಲೆ ಕುಳಿತಿದ್ದ ಹುಡುಗಿಯರನ್ನು ಕರೆದರೆ, ಒಬ್ಬಳಿಗೆ ಗಂಟಲು ಕೆಟ್ಟಿತು, ಇನ್ನೊಬ್ಬಳಿಗೆ ಬಸ್ಸಿಗೆ ಹೊತ್ತಾಯಿತು. ಬಿಡುಗಡೆಯ ದಿನ ಹತ್ತಿರ ಬಂದಿದೆ, ಉಳಿದ ಮಾತನ್ನೆಲ್ಲ ಮತ್ತೆ ಹಿಡಿಯುವಷ್ಟು ಹೊತ್ತಿಲ್ಲ, ಅದೆಲ್ಲ ನನ್ನ ದನಿಯಲ್ಲೇ ಉಳಿಯಿತು. ಕೊನೆಗೆ ಬೇಬಿಯೇ ಮೈಕಿನ ಮುಂದೆ ನಿಂತು ಆ ಒಂದು ಸಾಲು ಹೇಳಿದಳಂತೆ. ಸೌಂಡಿನಣ್ಣ ಬಂದು ಹೇಳಿದ. ಧಣಿಯ ಕಾಲು ಹಿಡಿದ ಆ ಕೈಯೂ ಅವಳದೇ ಎಂದು ಅವನಿಂದಲೇ ತಿಳಿಯಿತು.

ಪತ್ರಿಕೆಯಲ್ಲಿ ಬೇಬಿಯ ಸಂದರ್ಶನ ಬಂದಿದೆ. 'ಆ ಜನರ ಜೊತೆ ಬದುಕಿ ಅವರ ಕಸುಬು ಕಲಿತೆ, ಅವರ ಮಾತು ಕಲಿತೆ, ಇಡೀ ಸಿನಿಮಾಕ್ಕೆ ನಾನೇ ದನಿ ಕೊಟ್ಟೆ' ಎಂದಿದ್ದಾಳೆ. ಸುಳ್ಳು ಎಂದು ಹೇಳಲು ಸಂಘಕ್ಕೆ ಹೋದೆ. 'ಹೆಸರು ಇಲ್ಲ ಅಂದ್ಮೇಲೆ ನಿನ್ನದು ಅನ್ನೋದಕ್ಕೆ ಏನಮ್ಮ ಆಧಾರ?' ಎಂದು ಕಳಿಸಿದರು.

ಸಿನಿಮಾದ ಕರೆ ಕಡಿಮೆಯಾಗಿದೆ. ಅತ್ತೆಮ್ಮ ರೇಡಿಯೋ ನಾಟಕಕ್ಕೆ ಕರೆದುಕೊಂಡು ಹೋಗಿ ಸೇರಿಸಿದ್ದಾಳೆ. ಅಲ್ಲಿ ಮುಖವೇ ಇಲ್ಲ, ಇರುವುದೆಲ್ಲ ದನಿ. ನಾಟಕ ಶುರುವಾಗುವ ಮೊದಲು ಪಾತ್ರ ಮಾಡಿದವರ ಹೆಸರು ಓದುತ್ತಾರೆ. ಊಟಕ್ಕೆ ತೊಂದರೆಯಿಲ್ಲ. ಇದು ಏನನ್ನೋ ಮುಚ್ಚಿಟ್ಟು ಹೇಳುತ್ತಿರುವ ಮಾತಲ್ಲ, ತೊಂದರೆ ನಿಜವಾಗಿಯೂ ಇಲ್ಲ.

ಸಿನಿಮಾ ಬಂದರೆ ನೀವು ನೋಡಲು ಹೋಗಬೇಡಿ. ಸುಮ್ಮನೆ ಸಂಕಟ.

ಕಾಗೆ

ಆಗಸ್ಟ್ 22, 1994

ಕಾಗೇ,

ಹೋಗಬೇಡಿ ಎಂದರೆ ಕೇಳುವ ಜನವೇ ನಾವು? ಬೀದಿಗೆ ಬೀದಿಯೇ ಹೊರಟಿತು. ಅಂಗಡಿಗಳಿಗೆಲ್ಲ ಬಾಗಿಲು ಹಾಕಿ, ಒಳ್ಳೆಯ ಬಟ್ಟೆ ಉಟ್ಟು, ನಾವೇ ಹೊಲಿದ ಹೊಸ ಚಪ್ಪಲಿ ಮೆಟ್ಟಿ ಹೋದೆವು. ಟಾಕೀಸಿನಲ್ಲಿ ಹಿಂದಿನ ನಾಲ್ಕು ಸಾಲು ನಮ್ಮದೇ.

ಬೀದಿ ಬಂದಾಗ ಎಲ್ಲರಿಗೂ ನಗು. "ಅಯ್ಯೋ, ನಮ್ಮನೆ ಗೋಡೆಗೆ ಏನಾಗಿದೆ ನೋಡ್ರೋ" ಎಂದು ಕೂಗಾಟ. ಆಮೇಲೆ ಆ ಹುಡುಗಿ ಬಾಯಿ ತೆರೆದಳು. ನೀನು ಮಾತಾಡಿದೆ. ಇಷ್ಟು ದೊಡ್ಡ ಕೋಣೆಯಲ್ಲಿ, ಗೊತ್ತಿಲ್ಲದ ಇಷ್ಟು ಜನ ಉಸಿರು ಬಿಗಿಹಿಡಿದು ನಿನ್ನ ಮಾತು ಕೇಳುತ್ತಿದ್ದಾರೆ. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳಿಗೆ "ಎಂಥಾ ದನಿ ಕಣೆ" ಎಂದಳು. ಅಮ್ಮ ಮುಂದಕ್ಕೆ ಬಗ್ಗಿ ಅವಳ ಭುಜ ತಟ್ಟಿ, "ನನ್ನ ಮಗಳು" ಎಂದಳು. ಆ ಹೆಂಗಸು ಅಮ್ಮನನ್ನು ನೋಡಿದಳು, ಪರದೆಯ ಮೇಲಿನ ಬೇಬಿಯನ್ನು ನೋಡಿದಳು, ಏನೂ ತಿಳಿಯದೆ ತಲೆಯಾಡಿಸಿದಳು.

ಹೊಲಿಗೆಯ ದೃಶ್ಯವೂ ಬಂತು. ನನ್ನ ಕೈ ಅಷ್ಟು ಚೆಂದ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕೈ ನನ್ನದು, ಉಸಿರು ನಿನ್ನದು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು.

ಕೊನೆಗೆ ಆ ಸೀನು. ಬೇಬಿ ಓಡಿಬಂದು ಕಾಲಿಗೆ ಬಿದ್ದಳು. ನೀಳ ಬೆರಳಿನ ಮೆತ್ತಗಿನ ಕೈ ಕಾಲು ಹಿಡಿಯಿತು. ಟಾಕೀಸಿನ ತುಂಬ ಮೂಗು ಸೀಟುವ ಸದ್ದು. ಆಗ ಬಂತು ಆ ಮಾತು, ಪೀಪಿಯಂಥ ಸಣ್ಣ ದನಿಯಲ್ಲಿ, ದೊಡ್ಡ ಮನೆಯ ಮಗಳು ಕೆಲಸದವರಿಗೆ ನೀರು ತಾ ಅನ್ನುವ ಹಾಗೆ: "ನಿಮ್ಮ ಪಾದದ ಧೂಳಾಗಿದ್ರೆ ಸಾಕು ಧಣಿ."

ಅಮ್ಮ ಗಟ್ಟಿಯಾಗಿ ಕೇಳಿಬಿಟ್ಟಳು, "ಇವಳ್ಯಾರೇ? ನಮ್ಮ ಹುಡುಗಿ ಎಲ್ಲಿಗೆ ಹೋದ್ಲು?"

ನಗು ಎಲ್ಲಿಂದ ಶುರುವಾಯಿತೋ ಕಾಣೆ. ನಾಲ್ಕು ಸಾಲೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುಂದಿನ ಸಾಲಿನವರಿಗೂ ದನಿ ಬದಲಾದದ್ದು ಕಿವಿಗೆ ಬಿತ್ತು, ಅವರಲ್ಲೂ ಗುಸುಗುಸು. ಕರವಸ್ತ್ರ ಹಿಡಿದಿದ್ದ ದೊಡ್ಡ ಮನುಷ್ಯರೊಬ್ಬರು ಸಿಡುಕಿ ತಿರುಗಿದರು. "ಏನ್ರೀ ಇದು, ನಿಮ್ಮವರದ್ದೇ ಕಥೆ, ಅಳೋ ಸೀನಲ್ಲಿ ಹೀಗೆ ನಗ್ತೀರಲ್ಲ?"

ನಾನು ಎದ್ದು ನಿಂತೆ ಕಣೆ. ಸೊಂಟದ ಮೇಲೆ ಕೈಯಿಟ್ಟು ಹೇಳಿದೆ, "ಅಲ್ಲೀತನಕ ನಮ್ಮದೇ ಸ್ವಾಮಿ. ಆ ಸೀನು ಮಾತ್ರ ಅವರದ್ದು."

ಅಕ್ಕ